ಹನ್ನೊಂದೂ ಸೇವ್ ಆದ್ವು

ಪರದೇಶದ ನಮ್ಮೂರಲ್ಲಿ, ಮಾರ್ಸ್ಡನ್ ಪಾರ್ಕ್ ಬಡಾವಣೆಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಮುಂದೆ ನಿಂತಿದ್ದ ಇಬ್ಬರು ಕನ್ನಡದಲ್ಲಿ ಮಾತಾಡುತ್ತಿದ್ದರು. ಮಾತಿನ ನಡುವೆ ಹೆಸರು ತಿಳಿಯಿತು: ಅವಳು ಸಂಯುಕ್ತಾ, ಅವನು ಸುಧನ್ವ. ಡಯಾಲಿಸಿಸ್‌ಗೆ ಹೋಗುವ ಹಿರಿಯರು ನೆರೆಹೊರೆಯವರ ಕಾರು ಬುಕ್ ಮಾಡಲೆಂದು ಅವಳು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಆ್ಯಪ್ ಬರೆದಿದ್ದಳಂತೆ.

“ಹೋದ ವಾರ ಶ್ರೀಕಂಠಯ್ಯ ಅಂಕಲ್ ಬುಕಿಂಗ್ ಸೇವ್ ಆಗ್ಲೇ ಇಲ್ಲ, ಸುಧನ್ವ. ಪಾಪ, ಬ್ಯಾಗ್ ಹಿಡ್ಕೊಂಡು ಬಾಗಿಲಲ್ಲೇ ಒಂದು ಗಂಟೆ ಕಾದಿದ್ದಾರೆ. ಕೊನೆಗೆ ನಾನೇ ಓಡಿಹೋಗಿ ಕರ್ಕೊಂಡು ಹೋದೆ.”

“ಡೇಟಾಬೇಸ್ ಯಾವ್ದು ಹಾಕಿದ್ದೆ?”

“ಎಸ್‌ಕ್ಯೂಲೈಟ್. ಎಲ್ಲಾ ಒಂದೇ ಫೈಲಲ್ಲಿ ಇರುತ್ತಲ್ಲ, ಸುಲಭ ಅಂತ.”

“ಅದ್ರಲ್ಲಿ ಒಂದ್ಸಲಕ್ಕೆ ಒಬ್ರೇ ಬರೀಬಹುದು. ಮಿಕ್ಕವರು ಕಾಯ್ಬೇಕು, ತುಂಬಾ ಹೊತ್ತಾದ್ರೆ ಅವರದ್ದು ಸೇವ್ ಆಗಲ್ಲ. ಎಷ್ಟೋ ಜನ ಒಟ್ಟಿಗೆ ಬರೆಯೋಕಾಗೋ ಪೋಸ್ಟ್‌ಗ್ರೆಸ್‌ಗೆ ಹೋಗ್ಬೇಕಿತ್ತು.”

“ಹೋದೆ. ಇಡೀ ಆ್ಯಪ್ ಮತ್ತೆ ಬರೀಬೇಕೇನೋ ಅಂತ ರಜಾ ಹಾಕಿ ಕೂತಿದ್ದೆ. ಆದ್ರೆ ಮೊದಲಿಂದ್ಲೂ ಡೇಟಾಬೇಸಿಗೂ ನನ್ನ ಕೋಡಿಗೂ ಮಧ್ಯೆ ಒಂದು ಲೈಬ್ರರಿ ಇಟ್ಟಿದ್ನಲ್ಲ, ಬೇರೆಯವ್ರು ಬರೆದಿಟ್ಟ ಕೋಡು, ಯಾವ ಡೇಟಾಬೇಸಿಗೂ ಹೊಂದುತ್ತೆ. ಹಳೇ ಡೇಟಾ ಸಾಗಿಸಿದ್ಮೇಲೆ ಬದಲಾಯಿಸಿದ್ದು ಒಂದೇ ಲೈನು, ಡೇಟಾಬೇಸಿನ ಅಡ್ರೆಸ್.”

“ಅಷ್ಟೇನಾ?”

“ಅಷ್ಟೇ! ನಿನ್ನೆ ಹನ್ನೊಂದು ಜನ ಒಟ್ಟಿಗೆ ಬುಕ್ ಮಾಡಿದ್ರು. ಹನ್ನೊಂದೂ ಸೇವ್ ಆದ್ವು. ನೋಡ್ತಾ ಮೈ ಜುಮ್ಮಂತು. ಈ ಪೋಸ್ಟ್‌ಗ್ರೆಸ್ಸು, ಲೈಬ್ರರಿ ಎಲ್ಲಾ ಬರೆದೋರು ಯಾರೋ, ಎಲ್ಲಿದಾರೋ! ಪುಕ್ಕಟೆ ಕೊಟ್ಟಿದಾರೆ. ನಮ್ಮ ಅಂಕಲ್ ಅಂತ ಒಬ್ರು ಇದಾರೆ ಅನ್ನೋದೂ ಅವ್ರಿಗೆ ಗೊತ್ತಿಲ್ಲ.”

ಅಷ್ಟರಲ್ಲಿ ಬಸ್ಸು ಬಂತು. ಹತ್ತುವಾಗ ಸುಧನ್ವ ಹಿಂತಿರುಗಿ ನೋಡಿ ಹೇಳಿದ್ದಷ್ಟೇ ನನಗೆ ಕೇಳಿಸಿತು:

“ಶನಿವಾರಕ್ಕೆ ನನ್ನ ಕಾರೂ ಸೇರಿಸ್ಕೋ.”