ಬೆಲ್ಲಿಲ್ಲದ ಸೈಕಲ್ಲು

ಬೊಗಳೆ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಅವನ ಅಡ್ಡಹೆಸರೇ ಬೊಗಳೆ... ಇರುವೆ ಕಚ್ಚಿದರೆ ಹಾವು ಅನ್ನುವವನು. ಆದರೆ ಇದನ್ನು ಹೇಳಿದ್ದು ಅವನ ಅಕ್ಕ, ನಮ್ಮ ಪಕ್ಕದ ಮನೆಯ ಟೈಲರಕ್ಕ. ಅಳತೆ ಅರ್ಧ ಇಂಚು ತಪ್ಪಿದರೂ ತಾನೇ ಒಪ್ಪಿಕೊಂಡು ಬಿಚ್ಚಿ ಹೊಲಿಯುವ ಹೆಂಗಸು. ಸುಳ್ಳು ಅವಳಿಗೆ ಆಗಿಬರುವುದಿಲ್ಲ.

ವರ್ಷಕ್ಕೊಮ್ಮೆ ಅಂಗಡಿಗೆ ಬೀಗ ಹಾಕಿ ಅಕ್ಕ ತಮ್ಮ ಇಬ್ಬರೂ ಸೈಕಲ್ಲು ಹತ್ತಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುತ್ತಿದ್ದರು. ಅಲ್ಲಿನ ಗೇಟಿನಲ್ಲಿ ಎರಡು ಕಟ್ಟುಪಾಡು. ಒಂದು, ಕಾಡಿನೊಳಗೆ ಸದ್ದು ಮಾಡುವ ಹಾಗಿಲ್ಲ. ಅದಕ್ಕೇ ಗಾರ್ಡು ಪ್ರತಿ ಸೈಕಲ್ಲಿನ ಬೆಲ್ಲಿನ ಟೊಪ್ಪಿಯನ್ನು ತಿರುಗಿಸಿ ತೆಗೆದು, ಡಬ್ಬಿಯಲ್ಲಿಟ್ಟು ಬೀಗ ಹಾಕುತ್ತಾನೆ. ಇನ್ನೊಂದು, ಗೋಡೆಯ ಹಲಗೆಯಲ್ಲಿ ‘ಒಳಗೆ’, ‘ಹೊರಗೆ’ ಅಂತ ಎರಡು ಸಾಲು ಮೊಳೆ. ಹೋಗುವಾಗ ನಂಬರಿನ ಬಿಲ್ಲೆಯನ್ನು ಒಳಗಿನ ಸಾಲಿಗೆ ನೇತುಹಾಕಬೇಕು, ಬಂದ ಮೇಲೆ ಹೊರಗಿನ ಸಾಲಿಗೆ. ಸಂಜೆ ಆರಕ್ಕೆ ಒಳಗಿನ ಸಾಲಿನಲ್ಲಿ ಬಿಲ್ಲೆ ಉಳಿದಿದ್ದರೆ ಹುಡುಕಲು ಹೊರಡುತ್ತಾರೆ. ಉಳಿಯದಿದ್ದರೆ ಗೇಟು ಹಾಕಿ ಮನೆಗೆ.

ಬೆಳಗ್ಗೆ ಎಲ್ಲ ಚೆನ್ನಾಗಿಯೇ ಇತ್ತು. ಕಾಡಿನ ನಡುವೆ ಒಂದು ಹಾಳು ಬಾವಿ. ಅದರ ಪಕ್ಕ ಸೈಕಲ್ಲು ನಿಲ್ಲಿಸಿ ಗುಡ್ಡ ಹತ್ತಿದರು. ತುದಿ ಮುಟ್ಟಿದ ಮೇಲೆ ತಮ್ಮ ಫೋಟೋ ತೆಗೆಯುತ್ತಾ ಕೂತ. ಹೊರಡೋಣ ಅಂತ ಅಕ್ಕ ಹತ್ತು ಸಲ ಹೇಳಿದಳು. ಇಳಿದು ಬಾವಿಯ ಹತ್ತಿರ ಬರುವಷ್ಟರಲ್ಲಿ ಐದೂವರೆ... ಅಲ್ಲೂ ಅವನು ಶೂ ಬಿಚ್ಚಿ ಕಾಲು ಚಾಚಿದ.

"ನಾನು ಹೊರಟೆ. ತಿರುಗಿಯೂ ನೋಡಲ್ಲ. ಬೇಕಿದ್ರೆ ಬಾ."

"ಹೋಗಕ್ಕಾ, ಹಿಂದೇನೇ ಬರ್ತೀನಿ."

ಅಕ್ಕ ಹಟದವಳು. ತಿರುಗಿ ನೋಡಲಿಲ್ಲ. ಬೆಳಕು ಇಳಿಯುತ್ತಿತ್ತು. ಚಕ್ರದ ಕೆಳಗೆ ಒಣಗಿದ ಎಲೆ ಚರಚರ... ಚೈನು ಕಟಕಟ... ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ, ಟ್ರಿಣ್. ಬಂದ, ಅಂದುಕೊಂಡಳು. ತಿರುವಿನಲ್ಲಿ ಮತ್ತೆ, ಟ್ರಿಣ್ ಟ್ರಿಣ್. ಜೋರಾಗಿ ತುಳಿದರೆ ಅದೂ ಜೋರು. ನಿಧಾನಿಸಿದರೆ ಅದೂ ನಿಧಾನ.

"ದಾರಿ ಬಿಡಲ್ಲ ಕಣೋ," ಅಂತ ಮುಂದೆ ನೋಡಿಕೊಂಡೇ ನಕ್ಕಳು. ಅಷ್ಟು ಹೊತ್ತಿಗೆ ಸಿಟ್ಟು ಇಳಿದಿತ್ತು.

ಗೇಟು ಮುಟ್ಟಿದಾಗ ಆರಕ್ಕೆ ಎರಡು ನಿಮಿಷ. ಕೊನೆಯ ತಿರುವಿನಲ್ಲಿ ಇನ್ನೊಮ್ಮೆ ಟ್ರಿಣ್ ಅಂತ ಕೇಳಿತು. ಇನ್ನೇನು ಬಂದೇಬಿಟ್ಟ ಅಂತ ತನ್ನ ಬಿಲ್ಲೆಯ ಜೊತೆ ಅವನದನ್ನೂ ಎತ್ತಿ ಹೊರಗಿನ ಸಾಲಿಗೆ ಹಾಕಿದಳು. ಗಾರ್ಡು ಹಲಗೆ ನೋಡಿ, "ಎಲ್ಲ ಬಂದ್ರು," ಅಂದ. ಡಬ್ಬಿಯ ಬೀಗ ತೆಗೆದು ಎರಡು ಟೊಪ್ಪಿಗಳನ್ನು ಅವಳ ಅಂಗೈಗೆ ಹಾಕಿದ.

ಅಕ್ಕ ಅಂಗೈ ನೋಡಿದಳು... ತಮ್ಮನ ಟೊಪ್ಪಿಯೂ ಇಲ್ಲೇ ಇದೆ.

"ಅಣ್ಣಾ... ಒಳಗೆ ಬೆಲ್ ಇರೋ ಸೈಕಲ್ಲು ಯಾವುದಾದ್ರೂ ಇದ್ಯಾ?"

"ಒಂದೂ ಇಲ್ಲಮ್ಮ. ಯಾಕೆ?"

"ನನ್ನ ತಮ್ಮ ಒಳಗಿದ್ದಾನೆ."

ಇಬ್ಬರೂ ಟಾರ್ಚು ಹಿಡಿದು ಓಡಿದರು. ದಾರಿಯುದ್ದಕ್ಕೂ ಮಣ್ಣಿನಲ್ಲಿ ಗೇಟಿನ ಕಡೆ ಬಂದ ಚಕ್ರದ ಗುರುತು ಒಂದೇ ಜೊತೆ. ಅಕ್ಕನ ಸೈಕಲ್ಲಿನದು. ನನ್ನ ಕೈಯಾರೆ ಅವನ ಬಿಲ್ಲೆ ತೆಗೆದೆನಲ್ಲ, ಅಂಗೈ ನೋಡದೆ ಹೋಗಿದ್ದರೆ ಹುಡುಕಲು ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲವಲ್ಲ ಅಂತ ಓಡುತ್ತಲೇ ಹಲುಬುತ್ತಿದ್ದಳು.

ಒಂಬತ್ತರ ಹೊತ್ತಿಗೆ ಸಿಕ್ಕಿದ. ಬಾವಿಯ ಹಿಂದಿನ ಕಮರಿಯಲ್ಲಿ, ಕಾಲು ಮುರಿದುಕೊಂಡು, ಒಂದು ಪೊದೆಯನ್ನು ತಬ್ಬಿ ಹಿಡಿದು. ಜೀವ ಇತ್ತು. ಅಕ್ಕನನ್ನು ಕಂಡು ಪಿಸುಗುಟ್ಟಿದ.

"ಯಾಕಕ್ಕಾ... ಬೆಲ್ ಮಾಡಿ ಮಾಡಿ ಈ ಕಡೆ ಕರೆದೆ?"

ಕಾಲು ಕೂಡಿಕೊಂಡಿತು. ಆದರೆ ಬೊಗಳೆ ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಅವನು ಬಾಯಿ ಮುಚ್ಚಿಕೊಂಡಿದ್ದೇ ನನಗೆ ಸಾಕ್ಷಿ.

ಇನ್ನೊಂದು ಮಾತು... ಬೀಗ ಹಾಕಿದ ಡಬ್ಬಿಯಿಂದ ಬಂದ ಆ ಎರಡರಲ್ಲಿ ತಮ್ಮನ ಟೊಪ್ಪಿ ಒದ್ದೆಯಾಗಿತ್ತು. ಅದು ಈಗಲೂ ಅಕ್ಕನ ಹೊಲಿಗೆ ಮಿಷನ್ನಿನ ಪಕ್ಕದಲ್ಲಿದೆ, ಕೆಳಗೆ ಮಡಚಿಟ್ಟ ಒಂದು ಚಿಂದಿ ಬಟ್ಟೆ. ದಿನಾ ಅಂಗಡಿ ಮುಚ್ಚುವ ಮುಂಚೆ ಆ ಬಟ್ಟೆಯನ್ನು ಹಿಂಡಿ, ಒಣಗಿದ್ದನ್ನು ಹಾಕುತ್ತಾಳೆ. ನಂಬದಿದ್ದರೆ ಬಿಡಿ. ನಿನ್ನೆ ಅವಳಿಗೆ ಜ್ವರ, ನಾನೇ ಹಿಂಡಿದೆ.