ಕಾಲಿನ ಸುದ್ದಿ ಹೇಳಬ್ಯಾಡ

ಹರಿಹರದಿಂದ ಗುತ್ತೂರಿಗೆ ರಾತ್ರಿ ನಡೆದು ಬರೋರು ಯಾರೂ ಆ ಕಲ್ಲುಬಾವಿ ಹತ್ರ ಬಾಯಿ ಬಿಡೋದಿಲ್ಲ. ನಮ್ಮ ಚಿಕ್ಕಮ್ಮನ ಮಗಳು ಉಮಾಮಹೇಶ್ವರಿ ಬಿಟ್ಟಳು. ಅಲ್ಲಿಂದಲೇ ಶುರು.

ತೊಂಬತ್ತೆಂಟನೇ ಇಸವಿ. ಉಮಾ, ಅವಳ ಗಂಡ ವೀರೇಶ್, ಉಮಾಳ ಹೆಗಲ ಮೇಲೆ ಮೂರು ವರ್ಷದ ಮಗಳು ಕೃತಿಕಾ. ಕೂಸಿಗೆ ಕೆಂಡದಂಥ ಜ್ವರ. ಎಡಗಾಲು ನೆಲಕ್ಕೆ ಊರ್ತಿರಲಿಲ್ಲ. ಹರಿಹರದ ಒಬ್ಬ ಡಾಕ್ಟರಿಗೆ ತೋರಿಸಿ, ಜ್ವರದ ಸಿರಪ್ ತಗೊಂಡು, ಆಟೋ ಸಿಗದೆ ನಡೆದೇ ಬರ್ತಿದ್ರು. ಡಾಕ್ಟರಿಗೆ ಕಾಲಿನ ಸುದ್ದಿ ಇಬ್ಬರೂ ಎತ್ತಿರಲಿಲ್ಲ. ನಮ್ಮ ಕಡೆ ಪದ್ಧತಿ ಹಂಗೆ... ಜ್ವರ ಡಾಕ್ಟರಿಗೆ, ಉಳುಕು ಎಣ್ಣೆ ಹಚ್ಚಿ ನೀವೋರಿಗೆ. ಒಬ್ಬರ ಕಸುಬಿಗೆ ಇನ್ನೊಬ್ಬರು ಕೈ ಹಾಕೋ ಹಂಗಿಲ್ಲ. ನಾನು ಕಾಠ್ಮಂಡು, ಕೊಲಂಬೋ ಎಲ್ಲ ಅಲೆದವಳು. ಇಷ್ಟು ಶಿಸ್ತಿನ ಹಂಚಿಕೆ ಯಾವ ದೇಶದಲ್ಲೂ ಕಂಡಿಲ್ಲ.

ಬಾವಿ ಹತ್ರ ವೀರೇಶ್ ಬೀಡಿ ಹಚ್ಚೋಕೆ ನಿಂತ. ಉಮಾ ನಾಲ್ಕು ಹೆಜ್ಜೆ ಮುಂದೆ. ಒಳಗೆಲ್ಲೋ ಕೊಡ ಕಲ್ಲಿಗೆ ತಾಗಿತು... ಠಣ್. ಆಮೇಲೆ ರಾಟೆ... ಕಿರ್ರ್... ಕಿರ್ರ್... ಕಟ್ಟೆ ಮೇಲೆ ಒಬ್ಬಾಕೆ ಕೂತಿದ್ದಳು. ಎಣ್ಣೆ ಹಚ್ಚಿಕೊಂಡವರ ಹಂಗೆ ಎರಡೂ ಅಂಗೈ ಉಜ್ಜಿಕೊಳ್ತಾ... ಸರ್, ಸರ್, ಸರ್.

“ಉಳುಕಾ?”

“ಹೂಂ, ಭೀಮವ್ವ. ನಿನ್ನೆಯಿಂದ ಕಾಲೂರ್ತಿಲ್ಲ.”

“ಡಾಕ್ಟರಿಗೆ ಕಾಲಿನ ಸುದ್ದಿ ಹೇಳಿದ್ಯೇನು?”

“ಇಲ್ಲವ್ವ. ಜ್ವರ ಅಷ್ಟೇ.”

“ಹೇಳಬ್ಯಾಡ. ಕಾಲು ನಂದು.”

ಭೀಮವ್ವ ಇಡೀ ಗುತ್ತೂರಿನ ಉಳುಕು ತೆಗೆದವಳು. ಅವಳು ಸತ್ತು ವರ್ಷವಾಗಿತ್ತು. ಅದು ಉಮಾಗೆ ನೆನಪಾದದ್ದು... ಉತ್ತರ ಕೊಟ್ಟ ಮೇಲೆ.

ಕತ್ತಲೊಳಗಿಂದ ಒಂದು ಕೈ ಬಂದು ಕೂಸಿನ ಹಿಮ್ಮಡಿ ಮುಟ್ಟಿತು. ಅಲ್ಲಿವರೆಗೆ ನರಳ್ತಿದ್ದ ಕೂಸು ಗಪ್ಪಾಯಿತು. ಚೀರಿದ್ದರೆ ಇಷ್ಟು ಹೆದರ್ತಿರಲಿಲ್ಲ ಅಂತಾಳೆ ಉಮಾ. ಓಡಿದಳು.

ಹಿಂದಿನಿಂದ ವೀರೇಶ್ ಕೂಗಿದ, “ಏನೇ, ನಾಯಿ ಬಂತಾ?”

ಮನೆಯಲ್ಲಿ ಅತ್ತೆ ಕೇಳಿ ಬೆಚ್ಚಿಬೀಳಲಿಲ್ಲ. ಬೈದರು.

“ಭೀಮವ್ವ ತಾನಾಗಿ ಕೇಳಿದ್ಲಾ? ಕೊಡಬೇಕಿತ್ತು! ಬದುಕಿದ್ದಾಗ ಕರೆದ್ರೂ ಬರ್ತಿರಲಿಲ್ಲ, ಅಷ್ಟು ದಿಮಾಕು.”

“ಸತ್ತೋಳ ಕೈಗೆ ಕೂಸು ಕೊಡ್ಲಾ ಅತ್ತೆ?”

“ಕೈಗುಣ ಸಾಯ್ತದೇನೇ?”

ಅಷ್ಟರಲ್ಲಿ ಬಾಗಿಲಾಚೆ... ಸರ್... ಸರ್... ಅತ್ತೆ ಸೆರಗು ಸರಿಮಾಡಿಕೊಂಡು, ನೆಂಟರು ಬಂದಂಗೆ, ಚಿಲಕ ತೆಗೆಯೋಕೆ ಎದ್ದರು. ಉಮಾ ಕೂಸನ್ನ ಕಂಬಳಿಯಲ್ಲಿ ಸುತ್ತಿ ಹಿತ್ತಲ ಬಾಗಿಲಿಂದ ಹೊರಬಿದ್ದಳು. ಪಕ್ಕದ ಮನೆ ಅಮೀರ್ ಜಾನ್‌ನ ಎಬ್ಬಿಸಿ, ಅವನ ಲಗೇಜ್ ಆಟೋದಲ್ಲಿ ದಾವಣಗೆರೆ ದಾರಿ ಹಿಡಿದಳು. ವೀರೇಶ್ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಓಡಿಬಂದು ಹತ್ತಿದ.

ಎಂ.ಸಿ.ಸಿ. ಬಡಾವಣೆಯ ಒಂದು ನರ್ಸಿಂಗ್ ಹೋಂ. ಮಕ್ಕಳ ಡಾಕ್ಟರು ಮೆಹರ್ ಬಾನು ನಿದ್ದೆಗಣ್ಣಲ್ಲೇ ಬಂದರು.

“ಏನಾಗೈತ್ರೀ?”

“ಜ್ವರ, ಮೇಡಂ,” ಅಂದು ವೀರೇಶ್ ಅಷ್ಟಕ್ಕೇ ನಿಲ್ಲಿಸಿದ.

ಉಮಾ ಬಾಯಿ ತೆರೆದಳು. ಕಾಲು ಅನ್ನಬೇಕು. ಕಾ... ತುಟಿ ಮೇಲೆ ಒಂದು ಅಂಗೈ ಬಂದು ಕೂತಿತು. ತಣ್ಣಗೆ. ಹರಳೆಣ್ಣೆ ವಾಸನೆ. ಕಿವಿಯಲ್ಲಿ ಪಿಸುಮಾತು, “ನಂದು ಅಂದಿದ್ದೆ.”

ಡಾಕ್ಟರು ಗಂಟಲು ನೋಡಿದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಪೆನ್ನು ತೆಗೆದರು... ಬರೆದುಕೊಟ್ಟರೆ ಮುಗೀತು. ಮತ್ತೆ ಗುತ್ತೂರು, ಮತ್ತೆ ಬಾವಿ.

ಉಮಾ ಕಂಬಳಿ ಕಿತ್ತೆಸೆದಳು.

ಎಡಗಾಲು ಮಡಚಿಕೊಂಡು, ಕಪ್ಪೆಯ ಕಾಲಿನಂಗೆ ಹೊರಕ್ಕೆ ಬಿದ್ದಿತ್ತು. ಡಾಕ್ಟರು ಪಾದ ಹಿಡಿದು ಎಳ್ಳಷ್ಟು ಒಳಕ್ಕೆ ತಿರುಗಿಸಿದರು ಅಷ್ಟೇ... ಕೂಸು ಚೀರಿದ್ದಕ್ಕೆ ಟ್ರೇಯೊಳಗಿನ ಸಾಮಾನು ಝಲ್ ಅಂತು.

“ಇದನ್ನ ಯಾಕ ಹೇಳ್ಲಿಲ್ರೀ?”

“ಅದು ಉಳುಕು, ಮೇಡಂ. ಅದಕ್ಕೆ ಬೇರೆಯವ್ರಿದಾರೆ,” ಅಂದ ವೀರೇಶ್.

“ಉಳುಕಿಗೆ ಇಂಥ ಜ್ವರ ಬರಲ್ರೀ! ಸೊಂಟದ ಕೀಲಿನಾಗೆ ಕೀವಾಗಿರಬೇಕು. ಯಾರ ಕೈಲೂ ಕಾಲು ನೀವಿಸಿಲ್ಲ ತಾನೆ?”

ರಕ್ತ ಪರೀಕ್ಷೆಗೆ ಕಳಿಸಿ ಎಕ್ಸ್-ರೇ ತೆಗೆದರು. ಏನೂ ಕಾಣಲಿಲ್ಲ. ಅಲ್ಲಿವರೆಗೆ ತಲೆತಗ್ಗಿಸಿದ್ದ ವೀರೇಶ್ ತಟ್ಟನೆ ಎದ್ದುನಿಂತ. “ಚೆನ್ನಾಗೇ ಐತಲ್ಲ. ಕೂಸು ಕೊಡ್ರಿ, ಹೋಗ್ತೀವಿ.” ಮಾತು ಅವನ ಬಾಯಿಂದ ಬಂತು, ದನಿ ಮಾತ್ರ ಮುದುಕಿಯದು.

ಮೆಹರ್ ಬಾನು ಅವನ ಮುಖಾನೇ ನೋಡಲಿಲ್ಲ. “ಮೊದಮೊದಲು ಎಕ್ಸ್-ರೇನಾಗೆ ಏನೂ ಕಾಣಲ್ಲ. ರಕ್ತದಾಗೆ ಸೋಂಕು ಏರೈತೆ. ಕೀಲಿಗೆ ಸೂಜಿ ಹಾಕಿ ಎಳೆದು ನೋಡಬೇಕು, ಈಗಲೇ. ತಡ ಮಾಡಿದ್ರೆ ಕೀಲು ಸವೆದು ಹೋಗ್ತದೆ, ಹುಡುಗಿ ಜನ್ಮ ಪೂರ್ತಿ ಕುಂಟ್ತಾಳೆ. ತಾಯಿ ಏನಂತೀಯಮ್ಮ?”

ಬಾಯಿ ಮೇಲಿನ ಕೈ ಇನ್ನೂ ಬಿಗಿಯಾಯಿತು. ಉಸಿರಿಲ್ಲ. ಉಮಾ ಗೋಣು ಹಾಕಿದಳು... ಹೂಂ ಅಂತ. ಮತ್ತೊಮ್ಮೆ. ಮತ್ತೊಮ್ಮೆ.

ಮೂಳೆ ಡಾಕ್ಟರನ್ನ ಕರೆಸಿದರು. ಸೂಜಿ ಎಳೆದಾಗ ಬಂದದ್ದು ಹಳದಿ ಕೀವು. ಬೆಳಕು ಹರಿಯೋ ಮುಂಚೆ ಕೀಲು ಬಿಚ್ಚಿ ತೊಳೆದರು. ಕೀವು ಕಂಡ ಗಳಿಗೆಗೆ ಆ ಕೈ ಉಮಾಳ ಬಾಯಿ ಬಿಟ್ಟಿತು. ಸುಮ್ಮನೆ ಬಿಡಲಿಲ್ಲ... ರಕ್ತ ಬರೋ ಹಂಗೆ ಕೆನ್ನೆ ಗೀರಿ ಹೋಯಿತು.

ಕಾಲು ಉಳೀತು. ಎಷ್ಟೋ ತಿಂಗಳಾದ ಮೇಲೆ ನಾನು ಗುತ್ತೂರಿಗೆ ಹೋದಾಗ ಕೃತಿಕಾ ಪಡಸಾಲೆಯಲ್ಲಿ ನಡೀತಿದ್ದಳು. ಕುಂಟಿಲ್ಲ, ಎಳೆತ ಇಲ್ಲ. ಬಲಗೈ ಮಾತ್ರ ಮೇಲಕ್ಕೆತ್ತಿದ್ದಳು. ಬೆರಳೆಲ್ಲ ಒಂದಕ್ಕೊಂದು ಒತ್ತಿಕೊಂಡು ತುದಿ ಬೆಳ್ಳಗಾಗಿದ್ದವು.

“ಬಿಗಿ ಹಿಡಿಬ್ಯಾಡ... ನೋಯ್ತೈತೆ,” ಅಂತ ಪಕ್ಕಕ್ಕೆ ತಿರುಗಿ ಗದರಿಸಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಉಮಾಳ ಬಾಯಿಂದ ಕೇಳಿದ್ದನ್ನ ನೀವು ಬೇಕಾದ್ರೆ ತಾಯಿಯ ಭಯ ಅನ್ರಿ, ನಾನೂ ಅಂದಿದ್ದೆ. ಇದು ಮಟಮಟ ಮಧ್ಯಾಹ್ನ, ನನ್ನ ಕಣ್ಣೆದುರಿಗೆ ಆಗಿದ್ದು. ಕೂಸು ಪಾಪ ಅಂತ ಬಗ್ಗಿ ಅದರ ಕೈ ಹಿಡಿಯೋಕೆ ಹೋದೆ...

ಹಿಡಿಯೋಕೆ ಜಾಗ ಇರಲಿಲ್ಲ.