ಗುಡಿ ತೆಗಿಯಾಕ ಬಂದಾಂವ

ಹಂಗಲ್ಲೋ, ಗುಡ್ಯಾಗ ಇದ್ವಿ ಅಂದ್ರ ಪೂಜಾ ಮಾಡ್ಕೋತ ಅಲ್ಲ, ಸಂಸಾರ ಮಾಡ್ಕೋತ ಇದ್ವಿ. ಐಹೊಳಿಯಾಗ ಆವಾಗ ಭಾಳ ಮಂದಿ ಹಂಗ ಇದ್ರು. ನಾ ಲಗ್ನಾಗಿ ಬಂದ ವರ್ಷನ ನಮ್ಮ ಮಣ್ಣಿನ ಮನಿ ಮಳಿಗೆ ಕುಂತು ಹೋತು, ಕುಂತು ಅಂದ್ರ ಬಿತ್ತು, ಅದಕ್ಕ ನಮ್ಮ ಮಾವ ಬಾಜೂಕಿನ ಹಳೇ ಕಲ್ಲಿನ ಗುಡಿಗೆ ಎಲ್ಲಾರನ್ನೂ ಕರ್ಕೊಂಡು ಹೋದ್ರು. ಒಳಗ ದೇವರಿರಲಿಲ್ಲ, ದೇವರ ಜಾಗಾದಾಗ ಜ್ವಾಳದ ಚೀಲ. ಒಂದು ಕಂಬಕ್ಕ ಎಮ್ಮಿ. ಮತ್ತೊಂದು ಕಂಬದ ಮ್ಯಾಲೆ ಕೆತ್ತಿದ ಹೆಣ್ಮಗಳು, ಆಕಿ ಕೈಗೆ ನಮ್ಮತ್ತಿ ಸೀರಿ ಒಣಗ ಹಾಕತಿದ್ರು. ಹೊಟ್ಟಿಗೆ ಒಂದೊತ್ತು ರೊಟ್ಟಿ ಖರೆ, ಆದ್ರ ತಲಿಮ್ಯಾಲೆ ಸೋರದ ಕಲ್ಲು. ಅದನ್ನ ಬಿಟ್ರ ನಮಗ ಜಾಗಾ ಇರಲಿಲ್ಲ.

ಒಂದಿನ ಪುಣೆ ಕಡಿಯಿಂದ ಟೊಪ್ಪಿಗಿ ಹಾಕ್ಕೊಂಡಾಂವ ಒಬ್ಬ ಬಂದ. ಕನ್ನಡ ಅರ್ಧಂಬರ್ಧ. ಗುಡಿ ಸುತ್ತ ಮೂರು ಸಲ ತಿರಗಿ, ಒಂದು ಕಣ್ಣು ಮುಚ್ಚಿ ನೋಡಿ, ಮಾವಗ ಅಂದ, "ಯಜಮಾನ್ರ, ನಾಳೆ ಮುಂಜಾನೆ ಈ ಗುಡಿ ತೆಗೀತೇನಿ. ಪೂರಾ ಖಾಲಿ ಬೇಕು." ಅಂದಾಂವ ಹೋದ. ಫೋಟೊ ಅನ್ನೂ ಮಾತ ನುಂಗಿಬಿಟ್ಟಿದ್ದ, ಕ್ಯಾಮೆರಾನೂ ಹುನಗುಂದದಾಗ ಬಿಟ್ಟು ಬಂದಿದ್ದ! ನಮಗೇನು ಗೊತ್ತು? ಬೇಲಿ ತೆಗಿ, ಹಂದರ ತೆಗಿ ಅಂತೀವಲ್ಲ, ಕಿತ್ತು ಹಾಕೂದು, ಹಂಗ ತಿಳಕೊಂಡ್ವಿ.

"ಗಂಟು ಕಟ್ರಿ, ಗುಡಿ ಕೀಳ್ತಾನಂತ!" ಅಂದ್ರು ಮಾವ.

"ಇಷ್ಟು ದೊಡ್ಡ ಕಲ್ಲು ಹೆಂಗ ಕೀಳ್ತಾನ?" ಅಂದ್ರು ಅತ್ತಿ.

"ಯಂತ್ರ ತರ್ತಾನ!"

"ತರಲಿ. ನನ್ನನ್ನೂ ಕಿತ್ತುಕೊಂಡು ಹೋಗಲಿ. ನಾ ಏಳಂಗಿಲ್ಲ." ಆ ಕೆತ್ತಿದ ಹೆಣ್ಮಗಳ ಬುಡಕ್ಕ ಕುಂತಬಿಟ್ರು.

ನಾನು, ನಿಮ್ಮಜ್ಜ, ಮಾವ, ಚೀಲ, ಗಡಗಿ, ಎಮ್ಮಿ, ಎಲ್ಲಾರೂ ಮುಂಜಾನೆ ಹೊತ್ತಿಗೆ ಬೇವಿನ ಗಿಡದ ಕೆಳಗ. ಆತ ಮೂರು ಕಾಲಿನ ಸ್ಟ್ಯಾಂಡು, ಡಬ್ಬಿ ಹೊತ್ಕೊಂಡು ಬಂದು, "ವಾ! ಖಾಲಿ! ಬಾದಾಮಿಯಾಗ ಸುದ್ದಾ ಯಾರೂ ನನ್ನ ಮಾತಿಗೆ ಇಷ್ಟು ಕಿಮ್ಮತ್ತು ಕೊಡಲಿಲ್ರಿ" ಅಂತ ಕೈ ಮುಗದ. ಆಮ್ಯಾಲೆ ಕರೀ ಬಟ್ಟಿ ತಲಿಮ್ಯಾಲೆ ಹೊತ್ಕೊಂಡ. ಮಾವ ಸಣ್ಣಗ ಅಂದ್ರು, "ಪಾಪ, ಅವಗೂ ನೋಡಾಕ ಆಗವಲ್ದು, ಮಾರಿ ಮುಚ್ಕೊಂಡಾನ." ನಾವೂ ಕಣ್ಣು ಮುಚ್ಚಿ ಕಿವ್ಯಾಗ ಬೆರಳು ಇಟ್ಕೊಂಡ್ವಿ. ಟಕ್ ಅಂತು, ಅಷ್ಟ.

"ಆತ್ರಿ, ತೆಗದೆ."

ಮಾವ ಒಂದು ಕಣ್ಣು ತೆರದ್ರು. "ಎಲ್ಲಿ ತೆಗದ್ರಿ? ಅಲ್ಲೇ ಐತಲ್ರಿ!"

"ಇದ್ರಾಗ ಬಂತ್ರಿ" ಅಂತ ಡಬ್ಬಿ ತಟ್ಟಿದ. ಮಾವ ಡಬ್ಬಿ ನೋಡಿದ್ರು, ಗುಡಿ ನೋಡಿದ್ರು. "ಹಂಗಾರ ನಾವು ಯಾವುದ್ರಾಗ ಇರೂದ್ರಿ?"

ಅದು ಫೋಟೊ ಅಂತ ಆತ ನಮಗ ತಿಳಿಸಿ ಹೇಳೂದ್ರಾಗ ಮಧ್ಯಾಹ್ನ ಆತು. ಎಮ್ಮಿ ಒಳಗ ಹೋತು, ನಾವೂ ಹೋದ್ವಿ. ಮುಂದ ಟಪಾಲಿನಾಗ ಫೋಟೊ ಬಂತು. ಬರೇ ಗುಡಿ, ನಾವ್ಯಾರೂ ಇಲ್ಲ. ಕಂಬದ ಬುಡಕ್ಕ ನಮ್ಮತ್ತಿ, ಗಲ್ಲ ಉಬ್ಬಿಸಿಕೊಂಡು, ಸಿಟ್ಟಿಲೆ ಕಲ್ಲಾಗಿ. ಹಿಂದ ಏನೋ ಬರದಿದ್ದ, ಸಾಲಿ ಮಾಸ್ತರ್ರು ಓದಿದ್ರು: "ಎರಡು ಮೂರ್ತಿ ಅದಾವು. ಕೆಳಗಿನದು ಯಾವ ದೇವಿ, ತಿಳಿಸಬೇಕು."

ನಮ್ಮತ್ತೀದು ಇರೂದು ಅದೊಂದ ಫೋಟೊ. ಹೊರಗ ಎದ್ದು ಬಂದ ನಮ್ದು ಒಂದೂ ಇಲ್ಲ. ಅದಕ್ಕ ಹೇಳ್ತೇನಿ, ಯಾರರ ಬಂದು ತೆಗೀತೇನಿ ಅಂದ್ರ, ಏನು ತೆಗೀತೀರಿ ಅಂತ ಮೊದಲ ಕೇಳ್ರಿ. ಅಲ್ಲೀತನಕ ಕುಂತ ಜಾಗಾ ಬಿಟ್ಟು ಏಳಬ್ಯಾಡ್ರಿ.